ಎಂಜಿನ್ ಜೋಡಿಸುವಾಗ ಬೋಲ್ಟ್ ತುಂಡಾಗದಿರಲು: ಯಾರಿಗೆ ಯಾವ ಬೋಲ್ಟ್, ಯಾವ ಅಳತೆ, ಯಾವ ಎಣ್ಣೆ

ಕಳೆದ ತಿಂಗಳು ಮೂವರು ಒಂದೇ ಪ್ರಶ್ನೆಯನ್ನು ಮೂರು ಬಗೆಯಲ್ಲಿ ಕೇಳಿದರು. ಶಿರಸಿಯ ಒಬ್ಬರು ಹಳೆಯ ಜಿಪ್ಸಿಯ 1.3 ಲೀಟರ್ ಎಂಜಿನ್ ಬಿಚ್ಚಿ, ಅಡಿಕೆ ಹರವುವ ಅಂಗಳದ ಮೂಲೆಯಲ್ಲಿ ಗೋಣಿಚೀಲದ ಮೇಲೆ ಸಾಲಾಗಿ ಇಟ್ಟುಕೊಂಡಿದ್ದಾರೆ. ಹೆಡ್ ಬೋಲ್ಟ್ (ಎಂಜಿನ್ನಿನ ಮೇಲ್ಭಾಗವಾದ ಹೆಡ್ಡನ್ನು ಕೆಳಗಿನ ಬ್ಲಾಕಿಗೆ ಹಿಡಿಯುವ ಬೋಲ್ಟ್) ಹಳೆಯದನ್ನೇ ಹಾಕಲೇ, ಹೊಸದು ತರಲೇ ಎಂಬುದು ಅವರ ಗೊಂದಲ. ಕುಮಟಾದ ಹುಡುಗನೊಬ್ಬ ಟರ್ಬೊ ಪೆಟ್ರೋಲ್ ಕಾರಿನ ಬೂಸ್ಟ್, ಅಂದರೆ ಟರ್ಬೊ ಎಂಜಿನ್ನಿಗೆ ತುಂಬುವ ಗಾಳಿಯ ಒತ್ತಡ, ಏರಿಸಿಕೊಂಡಿದ್ದಾನೆ. ಬೋಲ್ಟಿನ ಬದಲು ಸ್ಟಡ್ (ಬ್ಲಾಕಿನಲ್ಲಿ ನಿಲ್ಲಿಸಿ ಮೇಲಿಂದ ನಟ್ ಬಿಗಿಯುವ ಥ್ರೆಡ್ ಇರುವ ಕಡ್ಡಿ) ಹಾಕಿಸದಿದ್ದರೆ ಹೆಡ್ ಎದ್ದುಬಿಡುತ್ತದೆ ಎಂದು ಅವನನ್ನು ಯಾರೋ ಹೆದರಿಸಿದ್ದಾರೆ. ಹೊನ್ನಾವರದ ಗೆಳೆಯರು ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಯಲ್ಲಿ ಓಡಿಸಲೆಂದು ನಿಮಿಷಕ್ಕೆ 7,500 ಸುತ್ತಿನ ಎಂಜಿನ್ ಕಟ್ಟುತ್ತಿದ್ದಾರೆ. ದುಡ್ಡಿನ ಮಾತು ಬಿಡಿ, ಎಲ್ಲಕ್ಕಿಂತ ಗಟ್ಟಿ ಬೋಲ್ಟ್ ಯಾವುದು ಹೇಳಿ ಎನ್ನುತ್ತಾರೆ.

ಮೂವರಿಗೂ ನಾನು ಮೊದಲು ಹೇಳಿದ್ದು ಒಂದೇ: ಬೋಲ್ಟ್ ಆರಿಸುವ ಮುನ್ನ, ಅದು ಎಷ್ಟು ಎಳೆದು ನಿಂತಿದೆ ಎಂದು ತಿಳಿಯುವ ದಾರಿ ಆರಿಸಿಕೊಳ್ಳಿ.

ಬೋಲ್ಟ್ ಒಂದು ಸ್ಪ್ರಿಂಗ್. ಬಿಗಿದಾಗ ಅದು ಕೂದಲೆಳೆಯಷ್ಟು ಹಿಗ್ಗುತ್ತದೆ, ಹಿಗ್ಗಿದ್ದು ಹಿಂದಕ್ಕೆ ಎಳೆಯುತ್ತದೆ. ಆ ಎಳೆತವೇ ಹೆಡ್ಡನ್ನು ಬ್ಲಾಕಿಗೆ ಒತ್ತಿ ಹಿಡಿಯುವುದು. ಯಕ್ಷಗಾನದ ಚೌಕಿಯಲ್ಲಿ ಮದ್ದಳೆಯ ಬಾರು ಬಿಗಿಯುವವರನ್ನು ನೋಡಿ. ತೋಳು ಎಷ್ಟು ನೋಯಿತು ಎಂದು ಅವರು ಲೆಕ್ಕ ಇಡುವುದಿಲ್ಲ, ಚರ್ಮ ಎಷ್ಟು ಬಿಗಿಯಿತು ಎಂದು ನಾದದಿಂದ ತಿಳಿಯುತ್ತಾರೆ. ಬೋಲ್ಟಿಗೆ ನಾದವಿಲ್ಲದ ಕಾರಣ ನಾವು ತೋಳಿನ ಲೆಕ್ಕವನ್ನೇ, ಅಂದರೆ ಟಾರ್ಕನ್ನೇ ನಂಬಿಕೊಂಡಿದ್ದೇವೆ. ಆ ಲೆಕ್ಕವೋ ಮಹಾ ಸೋರುವ ಲೆಕ್ಕ. ಪಾನಾದಲ್ಲಿ ಹಾಕಿದ ಬಲದ ಸುಮಾರು ಅರ್ಧ ಬೋಲ್ಟಿನ ತಲೆಯಡಿಯ ಘರ್ಷಣೆಗೆ ಹೋಗುತ್ತದೆ, ನೂರಕ್ಕೆ 40ರಷ್ಟು ಥ್ರೆಡ್ಡಿನ ಘರ್ಷಣೆಗೆ. ಬೋಲ್ಟನ್ನು ಎಳೆಯುವುದಕ್ಕೆ ಉಳಿಯುವುದು ಸುಮಾರು 10 ಮಾತ್ರ.

ತೂಗಿ ನೋಡಲು ನಾನು ಬಳಸುವ ಮಾನದಂಡಗಳು ಐದು. ಈ ಬೋಲ್ಟಿನ ಎಳೆತವನ್ನು ನನ್ನ ಬಳಿ ಇರುವ ಉಪಕರಣದಿಂದ ಎಷ್ಟು ಖಚಿತವಾಗಿ ಹೇಳಬಲ್ಲೆ? ಎಂಜಿನ್ನನ್ನು ಮತ್ತೆ ಎಷ್ಟು ಸಲ ಬಿಚ್ಚುತ್ತೇನೆ? ಎಷ್ಟು ಸುತ್ತು, ಎಷ್ಟು ಬೂಸ್ಟ್? ನಮ್ಮ ಉಪ್ಪುಗಾಳಿಯನ್ನು ಈ ಉಕ್ಕು ತಾಳುತ್ತದೆಯೇ? ಬೋಲ್ಟ್ ಬದಲಿಸಿದ್ದರಿಂದ ಬೇರೆ ಯಾವ ಖರ್ಚು ಹಿಂದೆಯೇ ಬರುತ್ತದೆ? ಬೆಲೆ ಈ ಐದನೆಯದರಲ್ಲೇ ಅಡಗಿದೆ. ಬೋಲ್ಟಿನ ಬೆಲೆಗಿಂತ ಅದರ ಬೆನ್ನಿಗೆ ಬರುವ ಯಂತ್ರಕೆಲಸದ ಬಿಲ್ಲು ದೊಡ್ಡದಾಗುವುದುಂಟು.

ನಾಲ್ಕನೆಯ ಮಾನದಂಡ ಬೇರೆ ಊರಿನವರ ಪಟ್ಟಿಯಲ್ಲಿ ಇರಲಿಕ್ಕಿಲ್ಲ. ನಾನು ಅದನ್ನು ಕಲಿತದ್ದು ಕಾರವಾರದ ಕೋಡಿಬಾಗದಲ್ಲಿ, ಒಂದು ಜುಲೈ ತಿಂಗಳಲ್ಲಿ, ನನ್ನದೇ ಮೂರ್ಖತನದಿಂದ. ಫ್ಲೈವೀಲಿನ ಆರು ಬೋಲ್ಟುಗಳು, ತಲೆಯ ಮೇಲೆ 12.9 ಎಂದು ಬಲದ ದರ್ಜೆಯ ಸ್ಪಷ್ಟ ಗುರುತು (ಸಂಖ್ಯೆ ದೊಡ್ಡದಾದಷ್ಟೂ ಉಕ್ಕು ಗಟ್ಟಿ), ಒಳ್ಳೆಯ ಮಾಲು. ಎರಡು ತಿಂಗಳು ತೆರೆದ ಟ್ರೇಯಲ್ಲಿ ಬಿದ್ದು ಕೆಂಪಗೆ ತುಕ್ಕು ಕೂತಿತ್ತು. ಬ್ರಷ್ ಹಿಡಿದು ಉಜ್ಜಲು ಬೇಸರವಾಗಿ ಬಚ್ಚಲು ತೊಳೆಯುವ ಆ್ಯಸಿಡ್‌ನಲ್ಲಿ ರಾತ್ರಿಯಿಡೀ ಅದ್ದಿಟ್ಟೆ. ಬೆಳಿಗ್ಗೆ ಬೆಳ್ಳಿಯಂತೆ ಹೊಳೆಯುತ್ತಿದ್ದವು. ಒರೆಸಿ, ಎಣ್ಣೆ ಹಚ್ಚಿ, ಮ್ಯಾನುಯಲ್ ಹೇಳಿದಷ್ಟೇ ಟಾರ್ಕಿಗೆ ಬಿಗಿದು ಶೆಡ್ಡಿನ ಬಾಗಿಲು ಹಾಕಿದೆ. ಮರುದಿನ ಬಂದು ನೋಡಿದರೆ ಕೆಳಗಿನ ಎಣ್ಣೆ ಟ್ರೇಯಲ್ಲಿ ಒಂದು ಬೋಲ್ಟಿನ ತಲೆ ಬಿದ್ದಿದೆ. ಇನ್ನೊಂದರ ತಲೆ ಬೆರಳಿಗೇ ತಿರುಗಿ ಕೈಗೆ ಬಂತು. ಎಂಜಿನ್ ಒಂದು ಸುತ್ತೂ ತಿರುಗಿರಲಿಲ್ಲ. ತುಂಡಾದ ಮುಖವನ್ನು ಬೆಳಕಿಗೆ ಹಿಡಿದೆ. ಎಳೆದು ಹರಿದ ಬೋಲ್ಟಿನಂತೆ ಕುತ್ತಿಗೆ ಸಣ್ಣಗಾಗಿರಲಿಲ್ಲ. ಕಲ್ಲುಸಕ್ಕರೆ ಒಡೆದಂತೆ ಹರಳು ಹರಳಾಗಿತ್ತು.

ಆ್ಯಸಿಡ್ ಕಬ್ಬಿಣವನ್ನು ತಿನ್ನುವಾಗ ಹೈಡ್ರೋಜನ್ ಹುಟ್ಟುತ್ತದೆ. ಅದರ ಒಂದಷ್ಟು ಉಕ್ಕಿನ ಒಳಗೇ ಸೇರಿಕೊಳ್ಳುತ್ತದೆ. ಬೋಲ್ಟ್ ಎಳೆತದಲ್ಲಿ ನಿಂತಾಗ ಅದು ಒತ್ತಡ ಹೆಚ್ಚಿರುವ ಜಾಗಕ್ಕೆ ಸರಿದು, ಕೆಲವು ಗಂಟೆಗಳಲ್ಲೋ ಕೆಲವು ದಿನಗಳಲ್ಲೋ ಸದ್ದಿಲ್ಲದೆ ಸೀಳುತ್ತದೆ. ಉಕ್ಕು ಗಟ್ಟಿಯಾದಷ್ಟೂ ಈ ಕಾಯಿಲೆ ಹೆಚ್ಚು. 8.8 ದರ್ಜೆಗೆ ಬಹುತೇಕ ಏನೂ ಆಗದು, 10.9ಕ್ಕೆ ಎಚ್ಚರ ಬೇಕು, 12.9 ಮತ್ತು ಮೇಲಿನದಕ್ಕೆ ಆ್ಯಸಿಡ್ ತೋರಿಸಲೇಬಾರದು. ಸತುವಿನ ವಿದ್ಯುತ್ ಲೇಪನವೂ ಇದೇ ಅಪಾಯ ತರುತ್ತದೆ. ಲೇಪನವಾದ ಕೂಡಲೇ 200 ಡಿಗ್ರಿ ಆಸುಪಾಸಿನಲ್ಲಿ ಹಲವು ಗಂಟೆ ಬೇಯಿಸಿ ಹೈಡ್ರೋಜನ್ ಹೊರಹಾಕಬೇಕು. ಬೇಯಿಸಿದ್ದಾರೋ ಇಲ್ಲವೋ ಎಂಬುದು ಕಣ್ಣಿಗೆ ಕಾಣುವ ಸಂಗತಿಯಲ್ಲ. ಆದ್ದರಿಂದ ತುಕ್ಕಿಗೆ ಹೆದರಿ ಹಳೆಯ ಗಟ್ಟಿ ಬೋಲ್ಟುಗಳಿಗೆ ಲೇಪನ ಹಾಕಿಸಲು ಕೊಡುವವರು ತುಕ್ಕಿಗಿಂತ ಕೆಟ್ಟದ್ದನ್ನು ಮನೆಗೆ ತರುತ್ತಾರೆ.

ಇನ್ನು ಆಯ್ಕೆಗಳು.

ಹಳೆಯ ಬೋಲ್ಟನ್ನೇ ಮತ್ತೆ ಹಾಕುವುದು

ಇದು ಎಂಜಿನ್ ಹೇಗೆ ಬಿಗಿಯಲು ಹೇಳುತ್ತದೆ ಎಂಬುದರ ಮೇಲೆ ನಿಂತಿದೆ. ಮ್ಯಾನುಯಲ್ ಬರಿಯ ಟಾರ್ಕ್ ಸಂಖ್ಯೆ ಕೊಟ್ಟು, ಬದಲಿಸಿ ಎಂದು ಹೇಳದಿದ್ದರೆ, ಬೋಲ್ಟ್ ತನ್ನ ಸ್ಪ್ರಿಂಗ್ ಮಿತಿಯೊಳಗೇ ಕೆಲಸ ಮಾಡಿದೆ ಎಂದರ್ಥ. ಥ್ರೆಡ್ ಚೆನ್ನಾಗಿದ್ದು, ಗುಳಿ ಬಿದ್ದ ತುಕ್ಕು ಇಲ್ಲದೆ, ಉದ್ದ ಒಂದಕ್ಕೊಂದು ಸರಿಯಾಗಿದ್ದರೆ ಮತ್ತೆ ಬಳಸಬಹುದು. ಮೇಲುಮೇಲಿನ ತುಕ್ಕು ಒರೆಸಿದರೆ ಹೋಗುತ್ತದೆ. ಆದರೆ ಥ್ರೆಡ್ಡಿನ ಬುಡದಲ್ಲೋ ತಲೆಯಡಿಯ ತಿರುವಿನಲ್ಲೋ ಸಾಸಿವೆ ಕಾಳಿನ ಅರ್ಧದಷ್ಟು ಗುಳಿ ಇದ್ದರೂ ಬೇಡ. ಬಿರುಕು ಹುಟ್ಟುವುದು ಅಲ್ಲಿಯೇ.

ಮೊದಲು ಇಷ್ಟು ನ್ಯೂಟನ್ ಮೀಟರ್, ಆಮೇಲೆ 90 ಡಿಗ್ರಿ, ಮತ್ತೆ 90 ಡಿಗ್ರಿ ಎಂದು ಮ್ಯಾನುಯಲ್ ಹೇಳಿದರೆ ಸಂಗತಿ ಬೇರೆ. ಇಂತಹ ಬಹುಪಾಲು ಬೋಲ್ಟುಗಳನ್ನು ಮರಳಿ ಬಾರದಷ್ಟು ಹಿಗ್ಗಿಸಿಯೇ ಬಿಗಿದಿರುತ್ತಾರೆ. ಕೆಲವು ತಯಾರಕರು ಉದ್ದದ ಮಿತಿ ಕೊಟ್ಟು ಮರುಬಳಕೆಗೆ ಒಪ್ಪುತ್ತಾರೆ. ಮಿತಿ ಕೊಡದಿದ್ದರೆ ಅದು ಒಂದೇ ಸಲದ ಬೋಲ್ಟ್. ಹೋದ ಸಲ ಹಾಕಿದ್ದೆ, ಏನೂ ಆಗಲಿಲ್ಲ ಎನ್ನುವವರು ಊರಿಗೊಬ್ಬರು ಇರುತ್ತಾರೆ. ಅವರ ಬೋಲ್ಟ್ ಒಂದೊಂದು ಸಲವೂ ಸ್ವಲ್ಪ ಸಣ್ಣಗಾಗಿರುತ್ತದೆ.

ಕಂಪನಿಯ ಹೊಸ ಬೋಲ್ಟ್

ಜನ ಇದನ್ನು ಕೀಳಾಗಿ ಕಾಣುವುದೇಕೋ ನನಗೆ ಅರ್ಥವಾಗಿಲ್ಲ. ಕೋನದ ಲೆಕ್ಕದಲ್ಲಿ ಬಿಗಿಯುವ ಹೊಸ ಬೋಲ್ಟ್ ಕೊಡುವ ಹಿಡಿತ ಬರಿಯ ಟಾರ್ಕಿನಿಂದ ಬಿಗಿದ ದುಬಾರಿ ಬೋಲ್ಟಿಗಿಂತ ಎಷ್ಟೋ ಸಲ ಸಮವಾಗಿರುತ್ತದೆ. ಹಿಗ್ಗುವ ಮಿತಿ ತಲುಪಿದ ಮೇಲೆ ಘರ್ಷಣೆ ಹೆಚ್ಚುಕಡಿಮೆಯಾದರೂ ಎಳೆತ ಹೆಚ್ಚು ಬದಲಾಗುವುದಿಲ್ಲ. ಬೇರೆ ಯಂತ್ರಕೆಲಸ ಬೇಡ. ತೊಂದರೆ ಇರುವುದು ಎರಡನೆಯ ಮಾನದಂಡದಲ್ಲಿ. ಹೆಡ್ ಬಿಚ್ಚಿದಾಗಲೆಲ್ಲ ಹೊಸ ಸೆಟ್ ಬೇಕು. ಎರಡು ವರ್ಷಕ್ಕೊಮ್ಮೆಯೂ ಬಿಚ್ಚದವರಿಗೆ ಅದೊಂದು ತೊಂದರೆಯೇ ಅಲ್ಲ.

ಹಾರ್ಡ್‌ವೇರ್ ಅಂಗಡಿಯ 12.9

ಹುಬ್ಬಳ್ಳಿಯಿಂದ ಅನ್‌ಬ್ರಾಕೊ, ಟಿವಿಎಸ್ ಪೆಟ್ಟಿಗೆಯಲ್ಲಿ ಬರುವ ಅಲೆನ್ ಬೋಲ್ಟುಗಳು ಒಳ್ಳೆಯ ಮಾಲು, ಅನುಮಾನವಿಲ್ಲ. ಬ್ರಾಕೆಟ್, ಫಿಕ್ಸ್ಚರ್, ಪುಲ್ಲಿಗಳಿಗೆ ನಾನೂ ಬಳಸುತ್ತೇನೆ. ಆದರೆ ಕಾನ್‌ರಾಡಿಗೆ (ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ತೋಳು), ಹೆಡ್ಡಿಗೆ, ಮೇನ್ ಕ್ಯಾಪಿಗೆ (ಕ್ರ್ಯಾಂಕನ್ನು ಬ್ಲಾಕಿಗೆ ಹಿಡಿಯುವ ಪಟ್ಟಿ) ಬೇಡ. 10.9ಕ್ಕಿಂತ 12.9 ದೊಡ್ಡ ಸಂಖ್ಯೆ ಎಂಬುದಷ್ಟೇ ಅದನ್ನು ಹಾಕಲು ಕಾರಣವಾಗದು. ಎಂಜಿನ್ ಬೋಲ್ಟಿನ ನಡುಭಾಗವನ್ನು ಎಷ್ಟೋ ಕಡೆ ಸಣ್ಣಗೆ, ಉದ್ದಕ್ಕೆ ಮಾಡಿರುತ್ತಾರೆ, ಸ್ಪ್ರಿಂಗಿನಂತೆ ಹಿಗ್ಗಲೆಂದೇ. ಅದರ ಜಾಗದಲ್ಲಿ ದಪ್ಪ ಬೋಲ್ಟ್ ಕೂತರೆ ಬಲ ಹೆಚ್ಚು, ಹಿಗ್ಗು ಕಡಿಮೆ. ಹೆಡ್ಡಿಗೂ ಬ್ಲಾಕಿಗೂ ನಡುವಿನ ಗ್ಯಾಸ್ಕೆಟ್ ಒಂದಿಷ್ಟು ಕುಗ್ಗಿದರೂ ಎಳೆತ ಕಳೆದುಹೋಗುತ್ತದೆ.

ಬೈತಖೋಲದ ಬಂದರಿನ ಕಡೆಯಿಂದ ಬರುವ ಇನ್ನೊಂದು ಸಲಹೆ ಸ್ಟೇನ್‌ಲೆಸ್ ಸ್ಟೀಲ್. ದೋಣಿಗೆ ಹಾಕುತ್ತೇವೆ, ತುಕ್ಕೇ ಹಿಡಿಯುವುದಿಲ್ಲ ಎನ್ನುತ್ತಾರೆ. ಸಾಮಾನ್ಯವಾಗಿ ಸಿಗುವ ಎ2-70 ಗುರುತಿನದು 450 ಮೆಗಾಪ್ಯಾಸ್ಕಲ್‌ಗೇ ಹಿಗ್ಗಲು ತೊಡಗುತ್ತದೆ, 10.9 ದರ್ಜೆಯದು 900 ದಾಟುವವರೆಗೆ ತಡೆಯುತ್ತದೆ. ಸಾಲದ್ದಕ್ಕೆ ಸ್ಟೇನ್‌ಲೆಸ್ ಥ್ರೆಡ್ ಬಿಗಿಯುವಾಗಲೇ ಕಚ್ಚಿಕೊಂಡು ತುಂಡಾಗುವ ಚಾಳಿಯದು. ಹೊರಗಿನ ಮುಚ್ಚಳಗಳಿಗೆ ಹಾಕಿ, ಒಳಗೆ ಬೇಡ.

ಕ್ರೋಮಿಯಂ-ಮಾಲಿಬ್ಡಿನಂ ಸ್ಟಡ್

ಎಆರ್‌ಪಿಯಂತಹ ಕಂಪನಿಗಳ ಸ್ಟಡ್ ಸೆಟ್ಟಿನ ದೊಡ್ಡ ಲಾಭ ಉಕ್ಕಿನ ಬಲ ಎಂದು ಎಲ್ಲರೂ ತಿಳಿದಿದ್ದಾರೆ. ನನ್ನ ಲೆಕ್ಕದಲ್ಲಿ ಲಾಭ ಥ್ರೆಡ್ಡಿನದು. ಬೋಲ್ಟ್ ಬಿಗಿಯುವಾಗ ಬ್ಲಾಕಿನ ಥ್ರೆಡ್ಡನ್ನು ಒತ್ತಿಕೊಂಡೇ ಉಜ್ಜುತ್ತಾ ತಿರುಗುತ್ತದೆ. ಅಲ್ಯೂಮಿನಿಯಂ ಬ್ಲಾಕಾದರೆ ಹತ್ತು ಸಲ ಬಿಚ್ಚಿ ಹಾಕುವಷ್ಟರಲ್ಲಿ ಥ್ರೆಡ್ ಹೋದರೂ ಅಚ್ಚರಿಯಿಲ್ಲ. ಸ್ಟಡ್ ಬ್ಲಾಕಿನಲ್ಲಿ ನಿಂತೇ ಇರುತ್ತದೆ, ನಟ್ ತಿರುಗುವುದು ಉಕ್ಕಿನ ಮೇಲೆ. ಪದೇ ಪದೇ ಬಿಚ್ಚುವ ಎಂಜಿನ್ನಿಗೆ ಇದಕ್ಕಿಂತ ಒಳ್ಳೆಯ ಆಯ್ಕೆ ಇಲ್ಲ. ಸ್ಟಡ್ಡಿಗೆ ತಿರುಚು ಬೀಳುವುದೇ ಇಲ್ಲ ಎಂದು ಮಾರುವವರು ಹೇಳುವುದನ್ನು ಅರ್ಧ ನಂಬಿ. ನಟ್ಟಿನ ಥ್ರೆಡ್ ಘರ್ಷಣೆ ಸ್ಟಡ್ಡನ್ನೂ ಸ್ವಲ್ಪ ತಿರುಚುತ್ತದೆ. ಬ್ಲಾಕಿಗೆ ಹಾಕುವಾಗ, ತಯಾರಕರು ಬೇರೆ ಹೇಳದಿದ್ದರೆ, ಕೈಬಿಗಿ ಸಾಕು. ಪಾನಾ ಹಾಕಿ ತಳಕ್ಕೆ ಗುದ್ದಿಸಿದರೆ ಸ್ಟಡ್ ಓರೆಯಾಗಿ ನಿಲ್ಲುತ್ತದೆ.

ಹಿಂದೆ ಬರುವ ಖರ್ಚು ಹೀಗಿದೆ. ಹಿಡಿತ ಹೆಚ್ಚಾದರೆ ಸಿಲಿಂಡರ್ ಬೋರಿನ ಆಕಾರ ಸ್ವಲ್ಪ ಬದಲಾಗುತ್ತದೆ, ಆದ್ದರಿಂದ ಅದೇ ಸ್ಟಡ್ ಹಾಕಿ, ಹೆಡ್ಡಿನ ಬದಲು ಟಾರ್ಕ್ ಪ್ಲೇಟ್ ಬಿಗಿದು ಹೋನಿಂಗ್ (ಬೋರಿನ ಒಳಮೈ ಉಜ್ಜಿ ಸರಿಪಡಿಸುವುದು) ಮಾಡಿಸಬೇಕು. ಮೇನ್ ಸ್ಟಡ್ ಹಾಕಿದರೆ ಕ್ರ್ಯಾಂಕ್ ಕೂರುವ ತೂತುಗಳ ಸಾಲನ್ನು ಮತ್ತೆ ಅಳೆದು ಸರಿಪಡಿಸಬೇಕು, ಕಾನ್‌ರಾಡ್ ಬೋಲ್ಟ್ ಬದಲಿಸಿದರೆ ರಾಡಿನ ದೊಡ್ಡ ಕಣ್ಣಿನ ವೃತ್ತವನ್ನು. ಟಾರ್ಕ್ ಪ್ಲೇಟ್ ಇದೆಯೇ ಎಂದು ಬೋರಿಂಗ್ ಅಂಗಡಿಗೆ ಮೊದಲೇ ಫೋನ್ ಮಾಡಿ ಕೇಳಿ, ಬ್ಲಾಕ್ ಹೊತ್ತುಕೊಂಡು ಘಟ್ಟ ಹತ್ತಿದ ಮೇಲಲ್ಲ. ಕಾರಿನಲ್ಲಿ ಎಂಜಿನ್ ಇದ್ದಂತೆಯೇ ಹೆಡ್ ತೆಗೆಯುವವರು ಇನ್ನೊಂದು ನೋಡಿಕೊಳ್ಳಬೇಕು: ಉದ್ದ ಸ್ಟಡ್ ನಿಂತಿರುವಾಗ ಹೆಡ್ಡನ್ನು ನೇರ ಮೇಲಕ್ಕೆ ಎತ್ತಲು ಬಾನೆಟ್ಟಿನಡಿ ಜಾಗ ಇದೆಯೇ?

ಅತಿ ಗಟ್ಟಿ ಉಕ್ಕು

ಎಲ್19 ಎಂಬ ಉಕ್ಕು ಪ್ರತಿ ಚದರ ಇಂಚಿಗೆ 2,60,000 ಪೌಂಡ್ ತಾಳುವ ಮಟ್ಟದ್ದು. ಅದನ್ನು ಬರಿಗೈಯಲ್ಲಿ ಮುಟ್ಟಬೇಡಿ, ಸದಾ ಎಣ್ಣೆಯಲ್ಲಿಡಿ ಎಂದು ತಯಾರಕರೇ ಎಚ್ಚರಿಸುತ್ತಾರೆ. ತೇವ ಮತ್ತು ಬೆವರಿನ ಉಪ್ಪೇ ಅದನ್ನು ಸೀಳಬಲ್ಲದು. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ಆಸುಪಾಸು ಮಳೆ ಸುರಿಯುವ, ಗೋಡೆಯೇ ಬೆವರುವ ಕರಾವಳಿಯಲ್ಲಿ ಇದನ್ನು ಯಾರಿಗೂ ಹೇಳಲಾರೆ. ಅಷ್ಟೇ ಬಲದ ಕಸ್ಟಮ್ ಏಜ್ 625 ಪ್ಲಸ್ ನಿಕ್ಕಲ್ ಮಿಶ್ರಲೋಹ, ತುಕ್ಕಿಗೆ ಜಗ್ಗದು. ಬೆಲೆ ಮಾತ್ರ ಜೇಬನ್ನು ಜಗ್ಗಿಸುತ್ತದೆ. ನಡುವಿನ ಎಆರ್‌ಪಿ2000 ಉಕ್ಕು 2,20,000 ಪೌಂಡಿನದು. ನಮ್ಮ ಕಡೆಯ ನೂರಕ್ಕೆ ತೊಂಬತ್ತು ಎಂಜಿನ್ನುಗಳಿಗೆ ಅದೇ ಮಿಗಿಲು.

ಅಳತೆ ಮತ್ತು ಎಣ್ಣೆ

ಬೋಲ್ಟುಗಳು ನಿಜವಾಗಿ ತುಂಡಾಗುವ ಜಾಗಕ್ಕೆ ಈಗ ಬಂದೆವು. ಒಂದು ಲೆಕ್ಕ ಮಾಡೋಣ. 10 ಮಿಲಿಮೀಟರಿನ, 1.25 ಪಿಚ್ಚಿನ, 10.9 ದರ್ಜೆಯ ಬೋಲ್ಟಿಗೆ ಸುರಕ್ಷಿತವಾಗಿ 38 ಕಿಲೊನ್ಯೂಟನ್ ಎಳೆತ ಕೊಡಬಹುದು, ಅಂದರೆ ಸುಮಾರು ನಾಲ್ಕು ಟನ್. ಒಣ ಥ್ರೆಡ್ಡಿನಲ್ಲಿ ಇದಕ್ಕೆ ಸುಮಾರು 76 ನ್ಯೂಟನ್ ಮೀಟರ್ ಬೇಕು. ಅದೇ ಥ್ರೆಡ್ಡಿಗೆ ಮಾಲಿ ಪೇಸ್ಟ್ (ಮಾಲಿಬ್ಡಿನಂ ಬೆರೆತ, ಜಾರುವ ಪೇಸ್ಟ್) ಹಚ್ಚಿ ಅದೇ 76ಕ್ಕೆ ಬಿಗಿದರೆ ಎಳೆತ 63 ಕಿಲೊನ್ಯೂಟನ್ ಮುಟ್ಟುತ್ತದೆ. ಆ ಬೋಲ್ಟ್ 57ರ ಸುಮಾರಿಗೇ ಮರಳಿ ಬಾರದಂತೆ ಹಿಗ್ಗಲು ತೊಡಗುತ್ತದೆ, 63ರ ಸುಮಾರಿಗೆ ಹರಿಯುತ್ತದೆ. ಬೋಲ್ಟ್ ಅದೇ, ಪಾನಾ ಅದೇ, ಕೈ ಅದೇ. ಬದಲಾಗಿದ್ದು ಒಂದು ಚಿಟಿಕೆ ಪೇಸ್ಟ್. ತುಕ್ಕಿನ ಭಯಕ್ಕೆ ತಾಮ್ರದ ಗ್ರೀಸ್ ಮೆತ್ತಿ ಒಣ ಥ್ರೆಡ್ಡಿನ ಸಂಖ್ಯೆಗೆ ಬಿಗಿಯುವ ನಮ್ಮ ಕರಾವಳಿಯ ಅಭ್ಯಾಸದ ಫಲವೂ ಇದೇ. ಸಂಖ್ಯೆ ಯಾವ ಎಣ್ಣೆಗೆ ಕೊಟ್ಟಿದ್ದೋ ಅದೇ ಎಣ್ಣೆ, ತಲೆಯಡಿಯೂ ಥ್ರೆಡ್ಡಿಗೂ. ಬೋಲ್ಟ್ ಸೆಟ್ಟಿನ ಜೊತೆ ಪೇಸ್ಟ್ ಬಂದಿದ್ದರೆ ಸೆಟ್ಟಿನ ಕಾಗದದ ಸಂಖ್ಯೆ, ಕಾರಿನ ಮ್ಯಾನುಯಲ್ಲಿನದಲ್ಲ.

ಎಲ್ಲವೂ ಸರಿಯಿದ್ದರೂ ಟಾರ್ಕ್ ರೆಂಚಿನಿಂದ ಬಿಗಿದ ಬೋಲ್ಟುಗಳ ಎಳೆತ ನೂರಕ್ಕೆ 25ರಿಂದ 30ರಷ್ಟು ಆಚೀಚೆ ಇರಬಹುದು. ಕೋನದ ಲೆಕ್ಕ ಸೇರಿಸಿದರೆ ಅದು ಸುಮಾರು ಅರ್ಧಕ್ಕೆ ಇಳಿಯುತ್ತದೆ, ಅದಕ್ಕೆ ಬೇಕಾದ ಡಿಗ್ರಿ ಡಯಲ್ ಅಗ್ಗದ್ದು. ಹಿಗ್ಗನ್ನೇ ನೇರವಾಗಿ ಅಳೆದರೆ ನೂರಕ್ಕೆ ಐದರೊಳಗೆ ಬರುತ್ತದೆ. ಆದರೆ ಬೋಲ್ಟಿನ ಎರಡೂ ತುದಿ ಕೈಗೆ ಸಿಗುವ ಕಡೆ ಮಾತ್ರ ಅದು ಸಾಧ್ಯ, ಎಂದರೆ ಕಾನ್‌ರಾಡಿನಲ್ಲಿ. ಪುಣ್ಯಕ್ಕೆ ಅತಿ ಅಪಾಯದ ಬೋಲ್ಟೂ ಅದೇ. 6,000 ಸುತ್ತಿನಿಂದ 7,500ಕ್ಕೆ ಏರಿಸಿದರೆ ವೇಗ ಕಾಲುಭಾಗ ಹೆಚ್ಚುತ್ತದೆ, ಪಿಸ್ಟನ್ ಮೇಲೆ ಹೋಗಿ ನಿಲ್ಲುವಾಗ ಆ ಬೋಲ್ಟನ್ನು ಎಳೆಯುವ ಬಲ ನೂರಕ್ಕೆ 56 ಹೆಚ್ಚುತ್ತದೆ. ಸಾಕಷ್ಟು ಬಿಗಿದ ಬೋಲ್ಟಿಗೆ ಈ ಜಗ್ಗಾಟದ ಅಲ್ಪಭಾಗ ಮಾತ್ರ ತಾಕುತ್ತದೆ. ಬಿಗಿ ಸಾಲದ ಬೋಲ್ಟಿಗೆ ಪೂರ್ತಿ ತಾಕಿ, ಲೋಹ ದಣಿದು ಸೀಳುತ್ತದೆ. ಹೆಚ್ಚು ಬಿಗಿದದ್ದರಿಂದ ಮುರಿದ ಬೋಲ್ಟ್ ಶೆಡ್ಡಿನಲ್ಲೇ ಮುರಿಯುತ್ತದೆ, ಕಡಿಮೆ ಬಿಗಿದದ್ದು ದಾರಿಯಲ್ಲಿ.

ಅಳೆಯುವುದು ಕಷ್ಟವಲ್ಲ. ಬಿಗಿಯುವ ಮೊದಲು ಉದ್ದ, ಬಿಗಿದ ಮೇಲೆ ಉದ್ದ, ವ್ಯತ್ಯಾಸವೇ ಹಿಗ್ಗು. ಎಷ್ಟಿರಬೇಕೆಂದು ಪೆಟ್ಟಿಗೆಯ ಕಾಗದದಲ್ಲಿ ಇರುತ್ತದೆ, ಸಾಮಾನ್ಯವಾಗಿ 0.15 ಮಿಲಿಮೀಟರ್ ಆಸುಪಾಸು, ನೋಟುಬುಕ್ಕಿನ ಒಂದೂವರೆ ಹಾಳೆಯ ದಪ್ಪ. ಬಿಚ್ಚಿದ ಮೇಲೆ ಮೊದಲಿನ ಉದ್ದಕ್ಕಿಂತ 0.025 ಮಿಲಿಮೀಟರ್ ಉದ್ದವಾಗಿಯೇ ಉಳಿದಿದ್ದರೆ ಆ ಬೋಲ್ಟಿನ ಆಯುಷ್ಯ ಮುಗಿದಿದೆ.

ಶೆಡ್ಡಿನಲ್ಲಿ ನಾನು ಅತಿ ಹೆಚ್ಚು ಕಂಡಿರುವುದು ಕ್ಯಾಮ್ ಕ್ಯಾಪಿನ (ಕವಾಟ ತೆರೆಯುವ ಕ್ಯಾಮ್ ದಂಡವನ್ನು ಹಿಡಿಯುವ ಪಟ್ಟಿ) 6 ಮಿಲಿಮೀಟರ್ ಬೋಲ್ಟ್ ತುಂಡಾಗುವುದನ್ನು. ಅದಕ್ಕೆ ಬೇಕಾಗುವುದು 10 ನ್ಯೂಟನ್ ಮೀಟರ್ ಆಸುಪಾಸು. 40ರಿಂದ 200ರವರೆಗಿನ ದೊಡ್ಡ ರೆಂಚ್ ಹಿಡಿದು ‘ಕ್ಲಿಕ್’ ಬರಲಿ ಎಂದು ಕಾಯುವವರು ಬೋಲ್ಟಿನ ‘ಟಿಕ್’ ಕೇಳುತ್ತಾರೆ. ರೆಂಚಿನ ಗರಿಷ್ಠ ಅಳತೆಯ ಐದನೇ ಒಂದು ಭಾಗಕ್ಕಿಂತ ಕೆಳಗೆ ಅದನ್ನು ನಂಬಬೇಡಿ. ಎರಡು ರೆಂಚ್ ಬೇಕು, ಒಂದು ಚಿಕ್ಕದು, ಒಂದು ದೊಡ್ಡದು. ಇನ್ನೊಂದು ತಳ ಮುಚ್ಚಿದ ತೂತಿನ ಸಂಗತಿ. ಅದರಲ್ಲಿ ಎಣ್ಣೆಯೋ ನೀರೋ ನಿಂತಿದ್ದರೆ ಬೋಲ್ಟ್ ಅದನ್ನು ಒತ್ತಿ ಬ್ಲಾಕನ್ನೇ ಸೀಳಬಹುದು. ಥ್ರೆಡ್ ಶುಚಿ ಮಾಡುವ ಟ್ಯಾಪ್ ಹಾಕಿ, ಗಾಳಿ ಹೊಡೆದು, ಬಟ್ಟೆ ಸುತ್ತಿದ ಕಡ್ಡಿಯಿಂದ ತಳ ಒರೆಸಿ. ಹೊಸ ಥ್ರೆಡ್ ಕೊರೆಯುವ ಟ್ಯಾಪ್ ಬೇಡ, ಅದು ಲೋಹ ಕೆರೆದು ಥ್ರೆಡ್ ಸಡಿಲ ಮಾಡುತ್ತದೆ.

ಈಗ ಆ ಮೂವರ ಮಾತು. ಶಿರಸಿಯವರ ಎಂಜಿನ್ನಿಗೆ ಬೂಸ್ಟ್ ಇಲ್ಲ, ಸುತ್ತು ಕಂಪನಿ ಇಟ್ಟಷ್ಟೇ. ದೇವಿಮನೆ ಘಟ್ಟ ಹತ್ತಿಳಿಯುವುದು, ಯಾವಾಗಲಾದರೂ ಕೆಸರಿನಲ್ಲಿ ಒಂದು ಆಟೋಕ್ರಾಸ್. ಹೆಡ್ಡಿಗೆ ಕಂಪನಿಯ ಹೊಸ ಬೋಲ್ಟ್, ಕಾನ್‌ರಾಡಿಗೆ ಹೊಸ ಬೋಲ್ಟ್ ಮತ್ತು ನಟ್. ಸ್ಟಡ್ ಸೆಟ್ಟಿಗೆಂದು ತೆಗೆದಿಟ್ಟ ದುಡ್ಡಿನಲ್ಲಿ ಒಂದು ಚಿಕ್ಕ ಟಾರ್ಕ್ ರೆಂಚ್, ಒಂದು ಮೈಕ್ರೊಮೀಟರ್ ಕೊಳ್ಳಲಿ. ದುಡ್ಡು ಇನ್ನೂ ಬಿಗಿಯಾಗಿದ್ದರೆ, ಮ್ಯಾನುಯಲ್ ಒಪ್ಪಿದಲ್ಲಿ ಮಾತ್ರ, ಹೆಡ್ಡಿನ ಹಳೆಯ ಬೋಲ್ಟುಗಳನ್ನು ಅಳೆದು ಉಳಿಸಿಕೊಳ್ಳಬಹುದು. ಕಾನ್‌ರಾಡಿನಲ್ಲಿ ಉಳಿತಾಯ ಬೇಡ.

ಕುಮಟಾದ ಹುಡುಗ ಮೊದಲು ಬೂಸ್ಟ್ ಎಷ್ಟು ಏರಿದೆ ಎಂದು ಗೇಜ್ ಇಟ್ಟು ನೋಡಲಿ. ಸ್ವಲ್ಪ ಏರಿಸಿದ್ದಕ್ಕೆ ಹೊಸ ಕಂಪನಿ ಬೋಲ್ಟು, ಹೊಸ ಗ್ಯಾಸ್ಕೆಟ್ಟು, ಡಿಗ್ರಿ ಡಯಲ್ ಸಾಕು. ಕೂಲೆಂಟ್ ಉಕ್ಕಿ ಬರುತ್ತಿದ್ದು, ನಾಕಿಂಗ್ (ಸಿಲಿಂಡರಿನಲ್ಲಿ ಇಂಧನ ತಾನಾಗಿಯೇ ಸಿಡಿದು ಬಡಿಯುವುದು) ಇಲ್ಲದೆಯೇ ಹೆಡ್ ಎದ್ದಿದೆ ಎಂದು ಖಚಿತವಾದರೆ ಮಾತ್ರ ಸ್ಟಡ್. ನಾಕಿಂಗ್ ಇಟ್ಟುಕೊಂಡು ಸ್ಟಡ್ ಹಾಕಿದರೆ ಗ್ಯಾಸ್ಕೆಟ್ಟಿನ ಬದಲು ಪಿಸ್ಟನ್ ಹೋಗುತ್ತದೆ.

ಹೊನ್ನಾವರದವರಿಗೆ ಹೆಡ್ಡಿಗೂ ಮೇನಿಗೂ ಸ್ಟಡ್, ಕಾನ್‌ರಾಡಿಗೆ ಎಆರ್‌ಪಿ2000, ಹಿಗ್ಗು ಅಳೆಯುವ ಗೇಜ್, ಟಾರ್ಕ್ ಪ್ಲೇಟ್ ಹಾಕಿ ಹೋನಿಂಗ್ ಎಂದು ಬರೆದುಕೊಟ್ಟೆ. ಎಲ್19 ಏಕೆ ಬೇಡ ಎಂದು ಎರಡು ಸಲ ಕೇಳಿದರು. ಮೂರನೆಯ ಸಲ ಕೇಳುವ ಮುನ್ನ ಕೋಡಿಬಾಗದ ಆ ಫ್ಲೈವೀಲ್ ಬೋಲ್ಟಿನ ತಲೆಯನ್ನು ಅವರ ಅಂಗೈಗೆ ಹಾಕಿದೆ. ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ಕೇಳಿದ್ದು ಮೈಕ್ರೊಮೀಟರ್ 25ರಿಂದ 50ರದ್ದು ಸಾಕೋ, 50ರಿಂದ 75ರದ್ದು ಬೇಕೋ ಎಂದು. ಬೋಲ್ಟಿನ ಉದ್ದ ನೋಡಿ ತನ್ನಿ ಎಂದೆ.